ಸಮುದ್ರ ಅರ್ಧ ಕನ್ನಡಿ: ಮೈಕ್ರೋವೇವ್ ಪಾಠದ ಟಿಪ್ಪಣಿ

ಸಣ್ಣ ಲೆಕ್ಕದಿಂದ ಶುರು ಮಾಡೋಣ. ಅರಬ್ಬಿ ಸಮುದ್ರದ ನೀರು 27 ಡಿಗ್ರಿ ಇದೆ ಅಂದುಕೊಳ್ಳಿ, ಅಂದರೆ 300 ಕೆಲ್ವಿನ್. ನೇರ ಮೇಲಿನಿಂದ ನೋಡುವ ಮೈಕ್ರೋವೇವ್ ಉಪಗ್ರಹಕ್ಕೆ (ತಾನಾಗಿ ಹೊಮ್ಮುವ ಮೈಕ್ರೋವೇವ್ ಕಿರಣವನ್ನು ಅಳೆದು ಕೆಲ್ವಿನ್‌ನಲ್ಲಿ ಹೇಳುವಂಥದ್ದು) ಆ ನೀರಿನಿಂದ ಬರುವುದು ಸುಮಾರು 150 ಕೆಲ್ವಿನ್‌ನಷ್ಟು ಮಾತ್ರ. ನೀರು ತಣ್ಣಗಿದೆ ಅಂತಲ್ಲ, ಹೊಮ್ಮಿಸಬಹುದಾದದ್ದರಲ್ಲಿ ಅರ್ಧವನ್ನಷ್ಟೇ ಹೊಮ್ಮಿಸುತ್ತದೆ. ಈ ಪಾಲಿಗೇ ಎಮಿಸಿವಿಟಿ ಅನ್ನುತ್ತಾರೆ. ನಮ್ಮ ದಾವಣಗೆರೆ ಕಡೆಯ ಒಣ ಹೊಲಕ್ಕೆ ಅದು 0.9ರ ಮೇಲೆ, ಸಮುದ್ರಕ್ಕೆ 0.5ರ ಆಸುಪಾಸು.

ಉಳಿದರ್ಧ ಎಲ್ಲಿ ಹೋಯಿತು? ಅಷ್ಟರ ಮಟ್ಟಿಗೆ ಸಮುದ್ರ ಕನ್ನಡಿ. ಮೇಲಿನ ಆಕಾಶದಿಂದ ಇಳಿದು ಬಂದದ್ದನ್ನು ವಾಪಸ್ ಕಳಿಸುತ್ತದೆ. ಈ ತಣ್ಣನೆಯ ಹಿನ್ನೆಲೆಯಿಂದ ಲಾಭವೂ ಇದೆ. ಮಧ್ಯೆ ನೀರಾವಿ ಬಂದರೆ ಎದ್ದು ಕಾಣುತ್ತದೆ. ಹೊಲದ ಮೇಲೆ ಹಾಗಾಗುವುದಿಲ್ಲ, ಹಿಂದೆಯೂ ಬಿಸಿ ಮುಂದೆಯೂ ಬಿಸಿ.

ಈಗ ಗಾಳಿ. ಸೂಳೆಕೆರೆ ಏರಿ ಮೇಲೆ ನಿಂತವರಿಗೆ ಇದು ಕಂಡದ್ದೇ: ಬೆಳಗ್ಗೆ ಗುಡ್ಡದ ನೆರಳು ನೀರಲ್ಲಿ ಸ್ಪಷ್ಟವಾಗಿರುತ್ತದೆ, ಗಾಳಿ ಎದ್ದ ಕೂಡಲೇ ಚೂರುಚೂರಾಗುತ್ತದೆ. ಸಮುದ್ರದಲ್ಲೂ ಅಷ್ಟೇ. ನೀರು ಸಮತಟ್ಟಾಗಿದ್ದರೆ, ಎಷ್ಟು ಪಾಲು ವಾಪಸ್ ಹೋಗುತ್ತದೆ ಅಂತ ಹೇಳುವ ಫ್ರೆನೆಲ್ ಸೂತ್ರ ಸಾಕು, ಅದಕ್ಕೆ ನೀರಿನ ಬಿಸಿ, ಉಪ್ಪು, ಮೈಕ್ರೋವೇವ್‌ನ ಆವರ್ತನ ಕೊಡಬೇಕು (ಉಪ್ಪಿನ ಪ್ರಭಾವ 1.4 ಗಿಗಾಹರ್ಟ್ಸ್ ಹತ್ತಿರ ಜಾಸ್ತಿ, ಮೇಲೆ ಹೋದಂತೆ ಕಡಿಮೆ). ಗಾಳಿ ಬಂದರೆ ದೊಡ್ಡ ಅಲೆಗಳು ಕನ್ನಡಿಯ ಚೂರುಗಳನ್ನು ಓರೆ ಮಾಡುತ್ತವೆ, ಅವುಗಳ ಮೇಲಿನ ಸಣ್ಣ ಸುಕ್ಕುಗಳು ಕಿರಣವನ್ನು ಚದುರಿಸುತ್ತವೆ. ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದರೆ ಅಡ್ಡ ಧ್ರುವೀಕರಣದ (ಅಂದರೆ ಕಿರಣದ ಕಂಪನ ನೀರಿನ ಮಟ್ಟಕ್ಕೆ ಸಮಾಂತರವಾಗಿರುವ) ಸಂಕೇತ ಗಾಳಿ ಹೆಚ್ಚಿದಂತೆ ಏರುತ್ತದೆ, ಲಂಬ ಧ್ರುವೀಕರಣದ್ದು ಅಷ್ಟಾಗಿ ಅಲುಗುವುದಿಲ್ಲ. ಕಡಲ ಗಾಳಿಯ ವೇಗ ಹೇಳುವುದಕ್ಕೆ ಇದೇ ಸುಳಿವು. ನನಗಂತೂ ಇಡೀ ಪಾಠದಲ್ಲಿ ತುಂಬಾ ಇಷ್ಟವಾದದ್ದು ಇದು.

ಇಷ್ಟು ಸೂಕ್ಷ್ಮ ಯಾಕೆ ಬೇಕು? ಹವಾಮಾನ ಮುನ್ಸೂಚನೆಯ ಕಂಪ್ಯೂಟರ್ ಮಾದರಿ ಮೊದಲು ಉಪಗ್ರಹಕ್ಕೆ ಏನು ಕಾಣಬೇಕು ಅಂತ ಲೆಕ್ಕ ಹಾಕುತ್ತದೆ, ನಿಜವಾಗಿ ಕಂಡದ್ದರ ಜೊತೆ ಹೋಲಿಸುತ್ತದೆ, ವ್ಯತ್ಯಾಸ ನೋಡಿ ತನ್ನ ಗಾಳಿ, ತೇವ, ಉಷ್ಣತೆಯನ್ನು ತಿದ್ದಿಕೊಳ್ಳುತ್ತದೆ. ಎಮಿಸಿವಿಟಿ 0.01 ತಪ್ಪಿತು ಅನ್ನಿ. ಹೊಮ್ಮುವ ಪಾಲು ಹೆಚ್ಚಾದಷ್ಟು ಕನ್ನಡಿಯ ಪಾಲು ಕಡಿಮೆ, ಹಾಗಾಗಿ ಆಕಾಶದಿಂದ ಇಳಿಯುವುದು 50 ಕೆಲ್ವಿನ್‌ನಷ್ಟಿದ್ದರೆ ತಪ್ಪು 0.01 × (300 − 50), ಅಂದರೆ 2.5 ಕೆಲ್ವಿನ್. ಆಕಾಶವನ್ನು ಕಳೆಯದೆ ಸುಮ್ನೆ 3 ಅಂತ ಬರೆಯಬೇಡಿ, ನಾನು ಮೊದಲು ಹಾಗೇ ಬರೆದಿದ್ದೆ. ಮೇಲೇರುವಾಗ ಗಾಳಿಮಂಡಲ ಸ್ವಲ್ಪ ಹೀರಿಕೊಳ್ಳುತ್ತದೆ ನಿಜ. ಆದರೂ ಉಪಗ್ರಹದ ಕೆಲವು ಚಾನೆಲ್‌ಗಳಲ್ಲಿ (ಅಂದರೆ ಅದು ಅಳೆಯುವ ಆವರ್ತನಗಳಲ್ಲಿ) ಒಂದು ಕೆಲ್ವಿನ್‌ನ ಹತ್ತನೇ ಒಂದು ಪಾಲೂ ಮುಖ್ಯ. ಕಡಲಿನ ಈ ತಪ್ಪನ್ನು ಮಾದರಿ ತೇವ ಅಂತ ತಿಳಿದುಬಿಡಬಹುದು. ಮೆಕ್ಕೆಜೋಳ ಬಿತ್ತಲು ನಾವು ಕಾಯುವ ಮುಂಗಾರು ಅದೇ ಕಡಲಿನಿಂದ ಬರುತ್ತದೆ, ಅಲ್ವಾ?

ಪೂರ್ತಿ ಭೌತಶಾಸ್ತ್ರದ ಲೆಕ್ಕ ನಿಧಾನ. ಹಾಗಾಗಿ ಅದರ ಫಲಿತಾಂಶಕ್ಕೆ ಹೊಂದಿಸಿದ ಚುರುಕು ಸೂತ್ರಗಳನ್ನು ಬಳಸುತ್ತಾರೆ. ಬ್ರಿಟನ್ನಿನ ಹವಾಮಾನ ಕಚೇರಿಯಲ್ಲಿ 1990ರ ದಶಕದಲ್ಲಿ ಹುಟ್ಟಿದ ಫಾಸ್ಟೆಮ್ ಅಂಥದ್ದು.

ಕೊನೆಗೆ ನೊರೆ. ಗಾಳಿ ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ 25 ಕಿಲೋಮೀಟರ್ ಹತ್ತಿರ ಬಂದಾಗ ಬಿಳಿ ನೊರೆ ಗಮನಕ್ಕೆ ಬರುವಷ್ಟಾಗುತ್ತದೆ. ನೊರೆ ಕನ್ನಡಿಯಲ್ಲ, ಅದರ ಎಮಿಸಿವಿಟಿ 1ರ ಹತ್ತಿರ. ತುಂಬಾ ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ನೊರೆಯ ಹರವು ಗಾಳಿವೇಗದ 3.41ನೇ ಘಾತದಂತೆ ಬೆಳೆಯುತ್ತದೆ, ಗಾಳಿ ಎರಡರಷ್ಟಾದರೆ ನೊರೆ ಹತ್ತರಷ್ಟಕ್ಕೂ ಸ್ವಲ್ಪ ಹೆಚ್ಚು. ಆದರೆ ಒಂದೇ ಗಾಳಿಗೆ ಎಲ್ಲ ಕಡೆ ಒಂದೇ ನೊರೆ ಏಳುವುದಿಲ್ಲ. ಹಾಗಾಗಿ ಚಂಡಮಾರುತದ ನಡುವೆ, ಲೆಕ್ಕ ಅತ್ಯಂತ ಸರಿಯಾಗಿರಬೇಕಾದ ಜಾಗದಲ್ಲೇ, ಈ ಸೂತ್ರಗಳ ಮೇಲೆ ಭರವಸೆ ಕಡಿಮೆ.