ರೇಸ್ ಡ್ರೈವರ್‌ಗೆ ಸಂಬಳ ಕೊಡೋದು ಯಾವುದಕ್ಕೆ

ಕಾರ್ಟಿಂಗ್ (ಪುಟಾಣಿ ಕಾರುಗಳ ರೇಸ್) ಮುಗಿಸಿ ಒಬ್ಬರೇ ಕೂರೋ ಫಾರ್ಮುಲಾ ಕಾರಿಗೆ ಬರೋ ಮಕ್ಕಳ ಅಪ್ಪ ಅಮ್ಮ ನಮ್ಮಂಥ ಡೇಟಾ ಎಂಜಿನಿಯರ್‌ಗಳ ಹತ್ರ ಮೊದಲು ಕೇಳೋದು, ನಮ್ ಮಗು ಫಾಸ್ಟ್ ಇದೆಯಾ ಅಂತ. ಫಾಸ್ಟ್ ಇರುತ್ತೆ, ಅದ್ರಲ್ಲಿ ಅನುಮಾನ ಇಲ್ಲ, ಈ ಲೆವೆಲ್ಲಿಗೆ ಬಂದಿರೋರು ಹೆಚ್ಚುಕಡಿಮೆ ಎಲ್ಲರೂ ಫಾಸ್ಟೇ. ಒಂದೇ ಥರದ ಕಾರು, ಒಂದೇ ಟೈರು ಇರೋ ಜೂನಿಯರ್ ಸೀರೀಸಲ್ಲಿ ಪೋಲ್ ಪೊಸಿಷನ್ನಿಗೂ (ಕ್ವಾಲಿಫೈಯಿಂಗಲ್ಲಿ ಮೊದಲ ಸ್ಥಾನ) ಹತ್ತನೇ ಸ್ಥಾನಕ್ಕೂ ನಡುವೆ ಎಷ್ಟೋ ಸಲ ಅರ್ಧ ಸೆಕೆಂಡೂ ಇರಲ್ಲ. ಅಂಥಾ ಗುಂಪಲ್ಲಿ ಯಾರು ಮುಂದೆ ಹದಿನೈದು ಇಪ್ಪತ್ತು ವರ್ಷ ಇದ್ರಲ್ಲೇ ದುಡಿದು ತಿಂತಾರೆ, ಯಾರು ಎರಡು ಸೀಸನ್ನಲ್ಲಿ ಮನೆಗೆ ಹೋಗ್ತಾರೆ ಅನ್ನೋದು ಬೇರೆ ವಿಷಯದಿಂದ ತೀರ್ಮಾನ ಆಗುತ್ತೆ, ಅದು ಲ್ಯಾಪ್ ಟೈಮ್ ಶೀಟಲ್ಲಿ ಕಾಣಲ್ಲ.

ಡೇಟಾ ತೆಗೆದಾಗ ನಾನು ಮೊದಲು ನೋಡೋದು ಬ್ರೇಕ್ ಗೆರೆ, ಅಂದ್ರೆ ಬ್ರೇಕ್ ಪೆಡಲ್ ಮೇಲಿನ ಒತ್ತಡ ಹೇಗೆ ಏರಿ ಇಳೀತು ಅಂತ ತೋರಿಸೋ ಗ್ರಾಫ್. ಉದ್ದನೆ ಸ್ಟ್ರೈಟ್ ಮುಗಿದು ನಿಧಾನದ ಕಾರ್ನರ್ ಬರೋ ಜಾಗ ಇರುತ್ತಲ್ಲ, ಅಲ್ಲಿ ಒಂದೇ ಟೀಮಿನ ಇಬ್ಬರು ಡ್ರೈವರ್‌ಗಳ ಗೆರೆನ ಒಂದರ ಮೇಲೊಂದು ಇಟ್ಟು ನೋಡ್ಬೇಕು. ಪಳಗಿದವನ ಗೆರೆ ಗೋಡೆ ಥರ ನೇರ ಮೇಲೆ ಹೋಗುತ್ತೆ, ಯಾಕಂದ್ರೆ ಸ್ಪೀಡ್ ಜಾಸ್ತಿ ಇರೋವಾಗ ಡೌನ್‌ಫೋರ್ಸೂ (ಗಾಳಿ ಕಾರನ್ನ ನೆಲಕ್ಕೆ ಒತ್ತೋ ಬಲ) ಜಾಸ್ತಿ, ಟೈರು ಎಷ್ಟು ಒತ್ತಿದ್ರೂ ತಡ್ಕೊಳುತ್ತೆ. ಸ್ಪೀಡ್ ಇಳೀತಾ ಇಳೀತಾ ಡೌನ್‌ಫೋರ್ಸೂ ಇಳಿಯುತ್ತೆ, ಆಗ ಅಷ್ಟೇ ಒತ್ತಡ ಇಟ್ರೆ ಚಕ್ರ ಲಾಕ್ ಆಗೋದು ಗ್ಯಾರಂಟಿ, ಅದಕ್ಕೇ ಅವನು ನಿಧಾನಕ್ಕೆ ಕಾಲು ಸಡಿಲ ಮಾಡ್ತಾ ಬಂದು, ಸ್ಟಿಯರಿಂಗ್ ತಿರುಗಿಸಿದ ಮೇಲೂ ಒಂಚೂರು ಬ್ರೇಕ್ ಉಳಿಸ್ಕೊಂಡು ಕಾರ್ನರ್ ಒಳಗೆ ಹೋಗ್ತಾನೆ, ಮುಂದಿನ ಟೈರ್ ಮೇಲೆ ಭಾರ ಇರೋದ್ರಿಂದ ಮೂತಿ ತಿರುಗುತ್ತೆ. ಇದನ್ನೇ ಟ್ರೇಲ್ ಬ್ರೇಕಿಂಗ್ ಅನ್ನೋದು. ಹೊಸಬ ಏನ್ ಮಾಡ್ತಾನೆ, ಐದು ಮೀಟರ್ ತಡವಾಗಿ ಬ್ರೇಕ್ ಹಿಡೀತಾನೆ, ಅದೇ ಧೈರ್ಯ ಅಂದ್ಕೊಂಡಿರ್ತಾನೆ, ಆದ್ರೆ ಒತ್ತಡ ಏರೋದು ನಿಧಾನ, ಏರಿದ ಮೇಲೆ ಹಂಗೇ ಹಿಡ್ಕೊಂಡಿರ್ತಾನೆ, ಚಕ್ರ ಲಾಕ್ ಆದ ತಕ್ಷಣ ಹೆದರಿ ಪೂರ್ತಿ ಬಿಟ್ಬಿಡ್ತಾನೆ. ಮೂತಿ ಮೇಲೇಳುತ್ತೆ, ಅಂಡರ್‌ಸ್ಟಿಯರ್ ಆಗುತ್ತೆ, ಅಂದ್ರೆ ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗಲ್ಲ, ಥ್ರಾಟಲ್ ಕೊಡೋಕೆ ಕಾಯ್ಬೇಕಾಗುತ್ತೆ, ಬ್ರೇಕಲ್ಲಿ ಗಳಿಸಿದ ಆ ಐದು ಮೀಟರಿಗೆ ಮುಂದಿನ ಸ್ಟ್ರೈಟ್ ಪೂರ್ತಿ ಬಡ್ಡಿ ಕಟ್ತಾ ಹೋಗ್ತಾನೆ.

ಇದು ಕಲಿಸಬಹುದಾದ ವಿದ್ಯೆ, ಸಿಮ್ಯುಲೇಟರಲ್ಲೂ ಟೆಸ್ಟಲ್ಲೂ ಕೂತು ತಿದ್ದಬಹುದು. ಅದಕ್ಕಿಂತ ಮುಖ್ಯ ನಂಗೆ ಇನ್ನೊಂದು. ಅದೇ ಡ್ರೈವರ್‌ನ ಹತ್ತು ಲ್ಯಾಪಿನ ಗೆರೆನ ಒಂದರ ಮೇಲೊಂದು ಇಟ್ರೆ ಅವು ಒಂದೇ ದಪ್ಪ ಗೆರೆ ಥರ ಕಾಣುತ್ತಾ ಇಲ್ಲಾ ಹರಡಿಕೊಂಡಿರುತ್ತಾ? ತಿರುವಲ್ಲಿ ಕಾರು ಪಕ್ಕಕ್ಕೆ ವಾಲೋದನ್ನ ತಡೆಯೋ ಆಂಟಿ ರೋಲ್ ಬಾರನ್ನ ಒಂದು ಸ್ಟೆಪ್ ಬದಲಾಯಿಸಿದ್ರೆ ಬರೋ ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ ಇರಬಹುದು. ಡ್ರೈವರ್ರೇ ಲ್ಯಾಪಿಂದ ಲ್ಯಾಪಿಗೆ ಅದರ ಮೂರು ಪಟ್ಟು ಏರುಪೇರು ಮಾಡ್ತಿದ್ರೆ ಆ ಬದಲಾವಣೆ ಒಳ್ಳೇದಾಯ್ತೋ ಕೆಟ್ಟದಾಯ್ತೋ ಅಂತ ನಂಗೆ ಗೊತ್ತೇ ಆಗಲ್ಲ, ತಕ್ಕಡಿನೇ ಅಲುಗಾಡ್ತಿದ್ರೆ ತೂಕ ಹೇಳೋದು ಹೇಗೆ. ಟೀಮ್‌ಗಳು ಅನುಭವಿ ಡ್ರೈವರ್‌ಗೆ ದುಡ್ಡು ಕೊಟ್ಟು ಇಟ್ಕೊಳ್ಳೋದು ಬಹುಪಾಲು ಇದಕ್ಕೇ.

ಆಮೇಲೆ ಮಾತು. ಕಾರಿಂದ ಇಳಿದು "ಕಾರ್ ಸರಿ ಇಲ್ಲ, ಗ್ರಿಪ್ಪೇ ಇಲ್ಲ" ಅಂದ್ರೆ ನಾನೇನ್ ಮಾಡ್ಲಿ? "ಮೂರನೇ ಟರ್ನಲ್ಲಿ ಬ್ರೇಕ್ ಬಿಡೋ ಹೊತ್ತಿಗೆ ಹಿಂದಿನ ಭಾಗ ಜಾರುತ್ತೆ, ಥ್ರಾಟಲ್ ಕೊಟ್ಮೇಲೆ ಸರಿಹೋಗುತ್ತೆ, ಹೊಸ ಟೈರಲ್ಲಿ ಇರ್ಲಿಲ್ಲ, ಐದನೇ ಲ್ಯಾಪಿಂದ ಶುರುವಾಯ್ತು" ಅಂದ್ರೆ ಬ್ರೇಕ್ ಬಯಾಸ್ (ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚಿಕೆ) ನೋಡ್ಲಾ, ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಭಾಗ) ನೋಡ್ಲಾ, ಹಿಂದಿನ ಟೈರ್ ಪ್ರೆಶರ್ ನೋಡ್ಲಾ ಅಂತ ನನ್ ತಲೆ ತಕ್ಷಣ ಓಡುತ್ತೆ. ಇಂಥಾ ಒಂದು ವಾಕ್ಯ ಹೇಳೋ ಹದಿನಾರರ ಹುಡುಗಿ ಸಿಕ್ರೆ ನಾನು ಆ ದಿನ ಖುಷಿಯಾಗಿರ್ತೀನಿ, ಅವಳ ಲ್ಯಾಪ್ ಟೈಮ್ ಏನೇ ಇರ್ಲಿ.

ಈಗ ಏಣಿ ವಿಷಯ. ಫಾರ್ಮುಲಾ 4ಕ್ಕೆ 15 ವರ್ಷ ಆಗಿರ್ಬೇಕು, ಅಲ್ಲಿಂದ ರೀಜನಲ್ ಸೀರೀಸ್, ಫಾರ್ಮುಲಾ 3, ಫಾರ್ಮುಲಾ 2. ಫಾರ್ಮುಲಾ 1ಕ್ಕೆ ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ ಮೂರು ಸೀಸನ್ನಲ್ಲಿ 40 ಪಾಯಿಂಟ್ ಕೂಡಿಸ್ಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂರು ಸ್ಥಾನದೋರಿಗೆ ಆ 40 ಒಂದೇ ಏಟಿಗೆ ಸಿಗುತ್ತೆ, ಫಾರ್ಮುಲಾ 3 ಚಾಂಪಿಯನ್‌ಗೆ 30. ಆದ್ರೆ ಲೈಸೆನ್ಸ್ ಬೇರೆ, ಸೀಟ್ ಬೇರೆ. ಆಸ್ಕರ್ ಪಿಯಾಸ್ಟ್ರಿ 2021ರಲ್ಲಿ ಫಾರ್ಮುಲಾ 2 ಗೆದ್ದು 2022 ಪೂರ್ತಿ ರಿಸರ್ವ್ (ಬದಲಿ ಡ್ರೈವರ್) ಆಗಿ ಕೂತ್ರು. 2022ರ ಚಾಂಪಿಯನ್ ಫೆಲಿಪೆ ಡ್ರುಗೋವಿಚ್‌ಗೆ ಆ ಬಾಗಿಲು ತೆರೀಲೇ ಇಲ್ಲ, ಅವರೂ ವರ್ಷಗಟ್ಟಲೆ ರಿಸರ್ವ್ ಆಗೇ ಕೂತ್ರು. ನಿಕ್ ಡಿ ವ್ರೀಸ್ ಫಾರ್ಮುಲಾ 2 ಮತ್ತು ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ಎರಡೂ ಗೆದ್ದೋರು, 2023ರಲ್ಲಿ ಫಾರ್ಮುಲಾ 1 ಸೀಟ್ ಸಿಕ್ಕಿ ಹತ್ತೇ ರೇಸಿಗೆ ಟೀಮು ಅವರನ್ನ ಕೈಬಿಡ್ತು. ಅಷ್ಟು ಸಣ್ಣ ಗ್ರಿಡ್ ಅದು, 2025ರವರೆಗೂ 20 ಸೀಟು. ಅದೊಂದನ್ನೇ ಕೆರಿಯರ್ ಅಂದ್ಕೊಂಡ್ರೆ ಉಳಿದವರೆಲ್ಲ ಸೋತವರು ಅಂತಾಗುತ್ತೆ, ಅದು ಸುಳ್ಳು, ನಂಗೆ ಈ ಯೋಚನೆ ಕಂಡ್ರೆ ನಿಜವಾಗ್ಲೂ ಬೇಜಾರಾಗುತ್ತೆ.

ಬ್ರೆಂಡನ್ ಹಾರ್ಟ್ಲಿನ ನೋಡಿ. 2010ರಲ್ಲಿ ರೆಡ್ ಬುಲ್ ಜೂನಿಯರ್ ಪ್ರೋಗ್ರಾಮಿಂದ ಹೊರಗೆ ಬಂದ್ರು. ಆಮೇಲೆ ಗಂಟೆಗಟ್ಟಲೆ ನಡೆಯೋ ಎಂಡ್ಯೂರೆನ್ಸ್ ರೇಸಿಂಗ್‌ಗೆ ಹೋಗಿ ಪೋರ್ಷೆ ಜೊತೆ 2015, 2017ರಲ್ಲಿ ವರ್ಲ್ಡ್ ಚಾಂಪಿಯನ್, 2017ರಲ್ಲಿ ಲೆ ಮಾನ್ಸ್ ಗೆಲುವು, ಅದೇ ವರ್ಷ ರೆಡ್ ಬುಲ್ ಅವರನ್ನ ವಾಪಸ್ ಕರೆದು ಫಾರ್ಮುಲಾ 1 ಸೀಟ್ ಕೊಡ್ತು, 2018ರ ಕೊನೆಗೆ ಮತ್ತೆ ಬಿಡ್ತು, ಟೊಯೋಟಾ ಜೊತೆ 2020 ಮತ್ತು 2022ರಲ್ಲಿ ಮತ್ತೆ ಲೆ ಮಾನ್ಸ್ ಗೆದ್ರು. ಇದು ಎರಡನೇ ದರ್ಜೆ ಬದುಕಾ? ಲೆ ಮಾನ್ಸಲ್ಲಿ ಒಂದೇ ಕಾರನ್ನ ಮೂವರು ಹಂಚ್ಕೊಂಡು 24 ಗಂಟೆ ಓಡಿಸ್ತಾರೆ, ಸೆಟಪ್ ಯಾರೊಬ್ಬರ ಇಷ್ಟಕ್ಕೂ ಪೂರ್ತಿ ಇರಲ್ಲ, ತನಗೆ ಒಗ್ಗದ ಕಾರಲ್ಲಿ ರಾತ್ರಿ ಮೂರು ಗಂಟೆಗೆ ನಿಧಾನದ ಕಾರುಗಳನ್ನ ದಾಟ್ಕೊಂಡು ಒಂದೇ ಸಮ ಲ್ಯಾಪ್ ಹಾಕೋದು ಅಂದ್ರೆ ಅದೇ ದಪ್ಪ ಗೆರೆ ಮಾತು.

ಜಿಟಿ ರೇಸಿಂಗಲ್ಲಿ (ರಸ್ತೆ ಮೇಲಿನ ಸ್ಪೋರ್ಟ್ಸ್ ಕಾರುಗಳ ರೇಸ್ ರೂಪ) ಇನ್ನೊಂದು ಲೆಕ್ಕ ಇದೆ, ಇದು ಹೊರಗಿನೋರಿಗೆ ಗೊತ್ತಿರಲ್ಲ. ಕಾರ್ ರೇಸಿಂಗಿನ ಜಾಗತಿಕ ಸಂಸ್ಥೆ ಎಫ್‌ಐಎ ಡ್ರೈವರ್‌ಗಳನ್ನ ಮೇಲಿಂದ ಕೆಳಕ್ಕೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾನ್ಜ್ ಅಂತ ವಿಂಗಡಿಸುತ್ತೆ. ಬ್ರಾನ್ಜ್ ಅಂದ್ರೆ ಸಾಮಾನ್ಯವಾಗಿ ಬೇರೆ ಉದ್ಯೋಗದಲ್ಲಿ ದುಡ್ಡು ಮಾಡಿ ಹವ್ಯಾಸಕ್ಕೆ ರೇಸ್ ಮಾಡೋರು, ಎಷ್ಟೋ ಕಡೆ ಕಾರಿನ ಖರ್ಚು ಅವರದ್ದೇ. ಅವರ ಜೊತೆ ಕೂರೋ ಪ್ರೊಫೆಷನಲ್‌ನ ಅರ್ಧ ಕೆಲಸ ಡ್ರೈವಿಂಗು, ಇನ್ನರ್ಧ ಪಾಠ ಹೇಳೋದು. ಅವರ ಗೆರೆ ಪಕ್ಕ ತನ್ನ ಗೆರೆ ಇಟ್ಟು, ಅವಮಾನ ಆಗದ ಹಾಗೆ ಇಲ್ಲಿ ಇಪ್ಪತ್ತು ಮೀಟರ್ ತಡವಾಗಿ ಬ್ರೇಕ್ ಹಿಡಿಬಹುದು ಅಂತ ಹೇಳೋಕೆ ಬರ್ಬೇಕು. ರೂಲ್ ಪ್ರಕಾರ ಸಿಲ್ವರ್ ಡ್ರೈವರ್ ಬೇಕೇ ಬೇಕು ಅನ್ನೋ ಕ್ಲಾಸುಗಳಿರೋದ್ರಿಂದ ಫಾಸ್ಟ್ ಇರೋ ಸಿಲ್ವರ್ ಡ್ರೈವರ್‌ಗೆ ಭಾರೀ ಡಿಮ್ಯಾಂಡು. ಚೆನ್ನಾಗಿ ಓಡಿಸಿ ಗೋಲ್ಡ್‌ಗೆ ಬಡ್ತಿ ಆದ್ರೆ ಅದೇ ಡ್ರೈವರ್‌ಗೆ ಮರುವರ್ಷ ಕೆಲಸ ಹುಡುಕೋದು ಕಷ್ಟ ಆಗೋದೂ ಇದೆ.

ಫಾರ್ಮುಲಾ 1 ಒಳಗೂ ನಂಬಬಹುದಾದ ಡ್ರೈವರ್‌ಗೆ ಬೆಲೆ ಇದೆ. ನಿಕೊ ಹುಲ್ಕೆನ್‌ಬರ್ಗ್ 2020ರಲ್ಲಿ ಸೀಟಿಲ್ಲದೆ ಇದ್ರು, ನ್ಯೂರ್‌ಬರ್ಗ್‌ರಿಂಗಲ್ಲಿ ಶನಿವಾರ ಬೆಳಿಗ್ಗೆ ಫೋನ್ ಬಂತು, ಒಂದು ಪ್ರಾಕ್ಟೀಸೂ ಇಲ್ಲದೆ ಕ್ವಾಲಿಫೈಯಿಂಗ್‌ಗೆ ಕೂತು, ಮಾರನೇ ದಿನ ಕಟ್ಟ ಕಡೆಯಿಂದ ಹೊರಟು 8ನೇ ಸ್ಥಾನಕ್ಕೆ ಬಂದ್ರು. ಯಾವ ಕಾರಲ್ಲಿ ಕೂರಿಸಿದ್ರೂ ಇವರಿಂದ ಏನ್ ಸಿಗುತ್ತೆ ಅಂತ ಟೀಮ್‌ಗಳಿಗೆ ಗೊತ್ತಿತ್ತು. 2023ರಲ್ಲಿ ಪೂರ್ತಿ ಸೀಟ್ ಮತ್ತೆ ಸಿಕ್ತು, ಮೊದಲ ಪೋಡಿಯಂ (ಮೊದಲ ಮೂರರಲ್ಲಿ ಒಂದು ಸ್ಥಾನ) ಬಂದಿದ್ದು 2025ರಲ್ಲಿ ಸಿಲ್ವರ್‌ಸ್ಟೋನಲ್ಲಿ, ಅವರ 239ನೇ ರೇಸಲ್ಲಿ.

ದೇಹದ ಬಗ್ಗೆ ಜಾಸ್ತಿ ಹೇಳಲ್ಲ, ಬೇರೆಯವರು ಚೆನ್ನಾಗಿ ಬರೆದಿದಾರೆ. ಕುತ್ತಿಗೆ, ಬ್ರೇಕ್ ಒತ್ತೋ ಎಡಗಾಲು, ಬಿಸಿ ತಡೆಯೋ ಶಕ್ತಿ ಇವಿಷ್ಟು ಬೇಕೇ ಬೇಕು, ಫಾರ್ಮುಲಾ 1 ಬ್ರೇಕ್ ಪೆಡಲ್‌ಗೆ 100 ಕಿಲೋಗಿಂತ ಜಾಸ್ತಿ ಒತ್ತಬೇಕಾಗುತ್ತೆ. ಸುಸ್ತಾದ್ರೆ ಮೊದಲು ಹಾಳಾಗೋದು ಬ್ರೇಕ್ ಗೆರೆನೇ.

ದುಡ್ಡಿನ ಮಾತನ್ನ ಮಾತ್ರ ಮುಚ್ಚಿಡಬಾರದು. ಜೂನಿಯರ್ ಸೀರೀಸಲ್ಲಿ ಟೀಮು ಡ್ರೈವರ್‌ಗೆ ಕೊಡಲ್ಲ, ಡ್ರೈವರ್ರೇ ಟೀಮಿಗೆ ಕೊಡೋದು. ನಿಕಿ ಲೌಡಾ ಅಂಥವರೇ ಶುರುವಲ್ಲಿ ಬ್ಯಾಂಕ್ ಸಾಲ ಮಾಡಿ ಸೀಟ್ ಕೊಂಡವರು, ಆಮೇಲೆ 1975, 1977, 1984ರಲ್ಲಿ ವರ್ಲ್ಡ್ ಚಾಂಪಿಯನ್ ಆದ್ರು, ಆದ್ರೆ ಅದನ್ನ ನೋಡಿ ಮನೆ ಅಡ ಇಡ್ಬೇಡಿ. ಸಹಿ ಹಾಕೋ ಮೊದಲು ಟೀಮನ್ನ ಕೇಳಿ: ಸೀಸನ್ನಿಗೆ ಎಷ್ಟು ಟೆಸ್ಟ್ ದಿನ, ಎಷ್ಟು ಸೆಟ್ ಹೊಸ ಟೈರು, ನಮ್ ಮಗುವಿನ ಎಂಜಿನಿಯರ್ ಯಾರು, ಅವರು ಇನ್ನೆಷ್ಟು ಕಾರು ನೋಡ್ಕೊತಾರೆ, ಟೀಮ್‌ಮೇಟಿನ ಡೇಟಾ ಪೂರ್ತಿ ತೋರಿಸ್ತೀರಾ. ಕೊನೇದಕ್ಕೆ ಇಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಆಕ್ಸಿಡೆಂಟ್ ಆದಾಗ ರಿಪೇರಿ ಬಿಲ್ ಯಾರು ಕಟ್ಟೋದು ಅನ್ನೋದನ್ನೂ ಬರವಣಿಗೆಯಲ್ಲಿ ಇಸ್ಕೊಳಿ, ಎಷ್ಟೋ ಒಪ್ಪಂದಗಳಲ್ಲಿ ಅದು ಡ್ರೈವರ್ ಮನೆಯವರ ತಲೆಗೇ ಬೀಳುತ್ತೆ, ಸೀಸನ್ ಅರ್ಧದಲ್ಲಿ ಬಜೆಟ್ ಖಾಲಿಯಾಗಿ ನಿಂತ ಹುಡುಗರಲ್ಲಿ ಸುಮಾರು ಜನ ನಿಂತಿದ್ದು ಆ ಒಂದು ಬಿಲ್ಲಿಂದ.