ಒಂದು ಫೈಲ್ ಕೆಟ್ಟರೆ ಇಡೀ ಕೆಲಸ ಯಾಕೆ ನಿಲ್ಲಬೇಕು?

ಸಾವಿರ ಫೈಲುಗಳನ್ನು ಓದಿ ಲೆಕ್ಕ ಹಾಕಲು ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆದು ಓಡಿಸುತ್ತೀರಿ ಅಂದುಕೊಳ್ಳಿ. 412ನೇ ಫೈಲಿನಲ್ಲಿ ಅಂಕಿ ಇರಬೇಕಾದ ಕಡೆ ಏನೂ ಇಲ್ಲ. ಎರರ್ ಬರುತ್ತದೆ, ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಉಳಿದ 588 ಫೈಲುಗಳು ಸರಿಯಾಗೇ ಇದ್ದರೂ ಅವುಗಳ ಸರದಿ ಬರುವುದೇ ಇಲ್ಲ.

ಫೈಲ್ ಓದುವ ಕೋಡಿನ ತುಣುಕಿಗೆ, ಅಂದರೆ ಫಂಕ್ಷನ್‌ಗೆ ಒಂದು ಹೊದಿಕೆ ಹಾಕಿದರೆ ಇದು ತಪ್ಪುತ್ತದೆ. ಮೂಲ ಫಂಕ್ಷನ್ ಅನ್ನು ಮುಟ್ಟಬೇಕಾಗಿಲ್ಲ. ಅದನ್ನು ತನ್ನೊಳಗಿಂದ ಕರೆಯುವ ಇನ್ನೊಂದು ಫಂಕ್ಷನ್ ಬರೆದರೆ ಸಾಕು. ಒಳಗೆ ಎರರ್ ಬಂದರೆ ಹೊರಗಿನದು ಅದನ್ನು ಹಿಡಿದುಕೊಳ್ಳುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಕೆಲಸಕ್ಕೆ ‘ಟ್ರೈ’ (ಮಾಡಿ ನೋಡು) ಮತ್ತು ‘ಎಕ್ಸೆಪ್ಟ್’ (ಎರರ್ ಬಂದರೆ ಹಿಡಿ) ಇವೆ. 2004ರಲ್ಲಿ ಬಂದ ಪೈಥಾನ್ 2.4ರಿಂದ, ಫಂಕ್ಷನ್‌ನ ತಲೆಯ ಮೇಲೆ ಒಂದೇ ಸಾಲು ಬರೆದು ಹೊದಿಕೆ ಹಾಕಬಹುದು. ಅದನ್ನು ಡೆಕೊರೇಟರ್ ಅನ್ನುತ್ತಾರೆ.

ಸರಿ, ಹಿಡಿದ ಎರರ್ ಅನ್ನು ಏನು ಮಾಡಬೇಕು? ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಇದೇ. ಸುಮ್ನೆ ನುಂಗಿಬಿಟ್ಟರೆ ಸ್ಕ್ರಿಪ್ಟ್ ಕೊನೆವರೆಗೂ ಓಡುತ್ತದೆ, ಆದರೆ ಉತ್ತರ ತಪ್ಪಿರುತ್ತದೆ, ಅದು ಯಾರಿಗೂ ಗೊತ್ತಾಗುವುದಿಲ್ಲ. ನಿಂತುಹೋದ ಸ್ಕ್ರಿಪ್ಟ್‌ಗಿಂತ ಇದು ಜಾಸ್ತಿ ಅಪಾಯ, ಅಲ್ವಾ? ಆರ್ ಭಾಷೆಯ ‘ಸೇಫ್ಲಿ’ ಎಂಬ ಹೊದಿಕೆ ನನಗೆ ಇಷ್ಟವಾಗುವುದು ಇದಕ್ಕೇ. ಅದು ಪ್ರತಿ ಸಲವೂ ಎರಡು ಖಾನೆ ಹಿಂದಿರುಗಿಸುತ್ತದೆ: ಒಂದು ಉತ್ತರಕ್ಕೆ, ಇನ್ನೊಂದು ಎರರ್‌ಗೆ. ಒಂದು ತುಂಬಿದ್ದರೆ ಇನ್ನೊಂದು ಖಾಲಿ. ಸಾವಿರವೂ ಮುಗಿದ ಮೇಲೆ ಎರರ್ ಖಾನೆ ತುಂಬಿರುವ ಫೈಲುಗಳನ್ನಷ್ಟೇ ಆರಿಸಿ ನೋಡಬಹುದು.

ಯಾವ ಎರರ್ ಹಿಡಿಯಬೇಕು ಅನ್ನುವುದನ್ನೂ ಹೆಸರಿಟ್ಟು ಹೇಳಬೇಕು. ಪೈಥಾನ್‌ನಲ್ಲಿ ಬರೀ ‘ಎಕ್ಸೆಪ್ಟ್’ ಎಂದು ಬರೆದರೆ, ನೀವು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಲು ನೋಡಿದ್ದನ್ನೂ ಅದು ಹಿಡಿದುಬಿಡುತ್ತದೆ. ಕೋಡಿನಲ್ಲಿ ನೀವು ಬಳಸಿದ ವೇರಿಯಬಲ್‌ನ (ಬೆಲೆಯೊಂದನ್ನು ಇಟ್ಟುಕೊಳ್ಳುವ ಜಾಗದ) ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅದೂ ಮುಚ್ಚಿಹೋಗುತ್ತದೆ. ಅದು ಫೈಲಿನ ದೋಷವಲ್ಲ, ಕೋಡಿನ ದೋಷ. ಅಂಥದ್ದು ಸ್ಕ್ರಿಪ್ಟ್ ಅನ್ನು ನಿಲ್ಲಿಸಲೇಬೇಕು.

ನೆಟ್‌ವರ್ಕ್ ವಿಷಯ ಸ್ವಲ್ಪ ಬೇರೆ. ಅಲ್ಲಿನ ಎಷ್ಟೋ ಎರರ್‌ಗಳು ಕ್ಷಣ ಹೊತ್ತಿನವು. ಹಾಗಾಗಿ ಹೊದಿಕೆಯೇ 1 ಸೆಕೆಂಡ್, ಆಮೇಲೆ 2, ಆಮೇಲೆ 4 ಸೆಕೆಂಡ್ ಕಾದು ಮತ್ತೆ ಕೇಳುವಂತೆ ಬರೆಯುತ್ತಾರೆ. ಮಾಹಿತಿ ಓದುವುದಕ್ಕೆ ಇದು ಚೆನ್ನ. ಹಣ ಕಳಿಸುವಂಥ ಕೆಲಸಕ್ಕೆ ಮಾತ್ರ ಹಾಗೇ ಹಾಕಬಾರದು. ಮೊದಲ ಸಲವೇ ಹಣ ಹೋಗಿ, ‘ಹೋಯಿತು’ ಎಂಬ ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿರಬಹುದು. ಆಗ ಹೊದಿಕೆ ಅದೇ ಹಣವನ್ನು ಎರಡನೇ ಸಲ ಕಳಿಸುತ್ತದೆ.