ಶಿಸ್ತಿನಿಂದ ಜಿಎಸ್‌ಟಿವರೆಗೆ: ಮಲೆನಾಡು ಕಟ್ಟಿದ ಕಂದಾಯದ ಕಥೆ

ಅಡಿಕೆ ತೋಟ ಅಳೆಯಲು ಕೆಳದಿಯ ಶಿವಪ್ಪ ನಾಯಕ (ಆಳ್ವಿಕೆ 1645–1660) ಗೊತ್ತುಮಾಡಿದ ಕೋಲು ಸುಮಾರು 18.5 ಅಡಿ ಉದ್ದದ್ದು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನ ಉದ್ದವೂ ಅಷ್ಟೇ ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಒಂದು ಕೋಲು ಜಾಗ ಒಂದು ಮರಕ್ಕೆ. ಅದಕ್ಕೆ ‘ದಾಯ’ ಎಂದು ಹೆಸರು. ಸಾವಿರ ದಾಯಕ್ಕೆ ಇಷ್ಟು ಎಂದು ಕಂದಾಯ. ಅಳತೆಯ ಮೇಲೆ ಅನುಮಾನ ಬಂದವನು ತಾನೇ ಹೋಗಿ ನೋಡಬಹುದಾದ ಕಡೆ ಅಳತೆಯನ್ನು ಇಟ್ಟದ್ದು ನನಗೆ ಬಹಳ ದೊಡ್ಡ ವಿಚಾರವಾಗಿ ಕಾಣುತ್ತದೆ.

ಗದ್ದೆಗೂ ಇದೇ ಶ್ರದ್ಧೆ. ಊರಿನ ಒಂದೊಂದು ಬಗೆಯ ಮಣ್ಣಿನಲ್ಲಿ ಒಂದೊಂದು ಗದ್ದೆ ಆರಿಸಿ, ಸರ್ಕಾರದ ಖರ್ಚಿನಲ್ಲೇ ಕೆಲವು ವರ್ಷ ಬೇಸಾಯ ಮಾಡಿಸಿ, ಬೀಜ, ಖರ್ಚು, ಫಸಲು, ಬೆಲೆ ಎಲ್ಲವನ್ನೂ ಬರೆಸಿದರು. ಅದರ ಸರಾಸರಿಯಲ್ಲಿ ಮೂರನೇ ಒಂದು ಪಾಲು ಸರ್ಕಾರಕ್ಕೆ. ಇದೇ ‘ಶಿವಪ್ಪ ನಾಯಕನ ಶಿಸ್ತು’. ಮೊತ್ತ ಮೊದಲೇ ನಿಗದಿಯಾದ್ದರಿಂದ ಹೆಚ್ಚು ದುಡಿದು ಬೆಳೆದದ್ದು ರೈತನ ಮನೆಗೇ ಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅದೇ ಮೊತ್ತ ಭಾರವಾಗುತ್ತಿತ್ತು ಎಂಬುದೂ ನಿಜ. ಆದರೂ ಲೆಕ್ಕ ಹುಟ್ಟಿದ್ದು ನೆಲದಲ್ಲಿ.

ಮುಂದಿನವರು ಶಿಸ್ತಿನ ಮೇಲೆ ಪಟ್ಟಿ, ಅಂದರೆ ಹೆಚ್ಚುವರಿ ತೆರಿಗೆ, ಹೇರುತ್ತಾ ಹೋದರು. ದಾಸೋಹಕ್ಕೆಂದು ಒಂದು, ಮರಾಠರಿಗೆ ಕೊಡಬೇಕಾದ ಚೌತ ಎಂಬ ಕಪ್ಪಕ್ಕೆಂದು ಇನ್ನೊಂದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು (ಇಂದಿನ ನಗರ ಎಂಬ ಊರು) ಹೈದರಾಲಿಯ ವಶವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬಂದದ್ದು ‘ಶರತ್ತು’ ಪದ್ಧತಿ. ತಾಲ್ಲೂಕಿನಿಂದ ಇಷ್ಟು ಹಣ ಕಟ್ಟುತ್ತೇನೆಂದು ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಖಜಾನೆಗೆ ಇದಕ್ಕಿಂತ ಸಲೀಸಾದ ವಸೂಲಿ ಇನ್ನೊಂದಿಲ್ಲ; ಗದ್ದೆಗೆ ಇಳಿಯುವ ಕಷ್ಟವಿಲ್ಲ, ಸರಾಸರಿಯ ತಲೆನೋವಿಲ್ಲ. ಆ ಕಷ್ಟವೆಲ್ಲ ರೈತನ ಬೆನ್ನಿಗೆ ಬಿತ್ತು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು, 1831ರಲ್ಲಿ ಕಂಪನಿ ಸರ್ಕಾರ ಆಡಳಿತವನ್ನೇ ಕಿತ್ತುಕೊಂಡಿತು.

ಆಮೇಲೆ ಬಂದ ಬ್ರಿಟಿಷ್ ಕಮಿಷನರ್‌ಗಳ ಆಡಳಿತ ರದ್ದುಮಾಡಿದ ಚಿಲ್ಲರೆ ತೆರಿಗೆಗಳು 769. ಮದುವೆಗೆ, ಮಗು ಹುಟ್ಟಿದರೆ, ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಅಜ್ಜಂದಿರು ಹುಡುಕಿಕೊಡಲಿಲ್ಲವೆಂದು ಒಂದು ಊರು ದಂಡ ಕಟ್ಟುತ್ತಲೇ ಇತ್ತು. ನಗರ ಸೀಮೆಯ ಒಂದು ಜಾಗದಲ್ಲಿ ಕೈಯನ್ನು ಮೈಗೆ ಒತ್ತಿಕೊಳ್ಳದೆ ನಡೆದವರೂ ತೆರಬೇಕಿತ್ತು. ಎಲ್ಲವೂ ಸರ್ಕಾರದ ಲೆಕ್ಕಪುಸ್ತಕದಲ್ಲಿ ಆದಾಯವೆಂದೇ ದಾಖಲಾಗಿದ್ದವು.

ಕಟ್ಟುವವನು ಒಬ್ಬ, ಹೊರುವವನು ಇನ್ನೊಬ್ಬ ಎಂಬುದನ್ನು 1951ರ ಕಾಗೋಡು ಸತ್ಯಾಗ್ರಹ ತೋರಿಸಿತು. ಕಂದಾಯ ಒಡೆಯನ ಹೆಸರಿನಲ್ಲಿ, ಭತ್ತ ಗೇಣಿದಾರನ ಕಣದಿಂದ. ಗೇಣಿ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ಜಗಳದ ಮೂಲ. 1974ರ ಭೂಸುಧಾರಣೆ ಗೇಣಿಯನ್ನು ಮುಗಿಸಿತು.

ಈಗ ಭೂಕಂದಾಯ ಹೆಸರಿಗಷ್ಟೇ. 2017ರ ಜುಲೈ 1ರಿಂದ ಜಿಎಸ್‌ಟಿ ಇದೆ: ಒಂದು ಸರಕಿಗೆ ದೇಶದ ಎಲ್ಲ ಕಡೆ ಒಂದೇ ದರ, ಕಂಪ್ಯೂಟರಿನಲ್ಲೇ ಲೆಕ್ಕ. ಆದರೆ ಅಡಿಕೆ ಕೊನೆ ಇಳಿಸುವ ಕೊನೆಕಾರನೂ ತೋಟದ ಯಜಮಾನನೂ ಅದೇ ಸೋಪಿಗೆ ಕಟ್ಟುವ ತೆರಿಗೆ ಒಂದೇ. ಇನ್ನೊಂದು ಕಡೆ, ಅಡಿಕೆಯಿಂದ ಹತ್ತಾರು ಲಕ್ಷ ಬಂದರೂ ಕೃಷಿ ಆದಾಯವಾದ್ದರಿಂದ ಕೇಂದ್ರದ ಆದಾಯ ತೆರಿಗೆ ಇಲ್ಲ. ಶಿವಮೊಗ್ಗದ ಮೇಷ್ಟ್ರಿಗೆ ಸಂಬಳದಲ್ಲೇ ಕಡಿತ. ಕೊಳೆರೋಗ, ಎಲೆಚುಕ್ಕಿಗೆ ನಲುಗಿದ ಅರ್ಧ ಎಕರೆಯವನಿಗೆ ಈ ವಿನಾಯಿತಿ ಬೇಕೇ ಬೇಕು. ದೊಡ್ಡ ಹಿಡುವಳಿಗೂ ಅದನ್ನೇ ಕೊಡುವುದನ್ನು ನಾನು ಒಪ್ಪಲಾರೆ.

ಖರ್ಚಿನ ಲೆಕ್ಕ ಇನ್ನೂ ಕಹಿ. 1964ರ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕು ಕೊಟ್ಟಿತು, ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿತು. ಹಿನ್ನೀರಿನ ಆಚೆ ಉಳಿದ ಕರೂರು, ತುಮರಿ ಕಡೆಯವರು ಲಾಂಚ್ ಕಾಯುತ್ತಾ ಬದುಕಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಇಷ್ಟು ಕಡಿಮೆ ಜನಕ್ಕೆ ಇಷ್ಟು ಕೋಟಿಯೇ ಎಂದು ತಲೆ ಎಣಿಸಿ ಕೇಳುವವರಿದ್ದಾರೆ. ಆ ಜನ ತಮ್ಮ ಪಾಲನ್ನು ಗದ್ದೆ ತೋಟಗಳ ರೂಪದಲ್ಲಿ 60 ವರ್ಷ ಮೊದಲೇ ಕಟ್ಟಿದ್ದಾರೆ. ಬದಲಿಗೆ ಹೋಗಿ ನೆಲೆಸಿದ ಜಾಗಕ್ಕೆ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ, ಪಹಣಿಯಲ್ಲಿ ಅದು ಇವತ್ತಿಗೂ ಅರಣ್ಯ.